ಪಿಯಾನೋ ಲೋಕದ ನಂಬರ್ ಒನ್ ಯಾರು? ವಿಯೆನ್ನಾದಿಂದ ಮೈಸೂರಿನವರೆಗೆ ಒಂದು ಲೆಕ್ಕ

  

ಈ ವಾರದ ಪ್ರಶ್ನೆ ಸಿಂಪಲ್. ಪಿಯಾನೋಗೆ ಸಂಗೀತ ಬರೆದವರಲ್ಲಿ ಅತಿ ದೊಡ್ಡವರು ಯಾರು? ಮೊಜಾರ್ಟಾ, ಬೀಥೋವನ್ನಾ, ಶೋಪಾನಾ, ಲಿಸ್ಟಾ? ಕ್ರಿಕೆಟ್ಟಲ್ಲಿ ಸಚಿನ್ನೋ ಕೊಹ್ಲಿಯೋ ಅಂತ ಜಗಳ ಆಡ್ತೀವಲ್ಲ, ಹಾಗೇ. ಆದ್ರೆ ಇಲ್ಲಿ ಸ್ಕೋರ್‌ಬೋರ್ಡ್ ಇಲ್ಲ. ರನ್ ಇಲ್ಲ, ಆವರೇಜ್ ಇಲ್ಲ. ಹಾಗಿದ್ರೂ ಇನ್ನೂರು ವರ್ಷದಿಂದ ಜನ ಪಟ್ಟಿ ಮಾಡ್ತಾನೇ ಇದಾರೆ, ಆ ಪಟ್ಟಿಯಲ್ಲಿ ಹೆಸರು ಬಂದವರು ಉಳೀತಾರೆ, ಬರದವರು ಹೋಗ್ತಾರೆ. ಹಾಗಾದ್ರೆ ಆ ಪಟ್ಟಿ ಬರೆಯೋದು ಯಾರು?

ನಾನು ಬಿ.ಕಾಂ. ಓದಿದವನು. ಪಿಯಾನೋ ನುಡಿಸೋಕೆ ಬರಲ್ಲ. ಆದ್ರೆ ಅಕೌಂಟ್ಸ್ ಕ್ಲಾಸಲ್ಲಿ ಕಲಿತ ಒಂದು ವಿಷಯ ಇಲ್ಲಿ ಉಪಯೋಗಕ್ಕೆ ಬರುತ್ತೆ: ಗುಡ್‌ವಿಲ್. ಒಂದು ಅಂಗಡಿಗೆ ಐವತ್ತು ವರ್ಷದಿಂದ ಒಳ್ಳೆ ಹೆಸರಿದೆ ಅಂದ್ಕೊಳ್ಳಿ. ಆ ಹೆಸರಿಗೆ ಬೆಲೆ ಇದೆ. ಆದ್ರೆ ಮಾಲೀಕ ತಾನೇ ಕೂತು ‘ನನ್ನ ಹೆಸರಿನ ಬೆಲೆ ಇಷ್ಟು ಲಕ್ಷ’ ಅಂತ ಪುಸ್ತಕದಲ್ಲಿ ಬರೆಯೋ ಹಾಗಿಲ್ಲ. ಇನ್ನೊಬ್ಬರು ಬಂದು ದುಡ್ಡು ಕೊಟ್ಟು ಅಂಗಡಿ ಕೊಂಡಾಗ ಮಾತ್ರ ಗುಡ್‌ವಿಲ್ ಲೆಕ್ಕಕ್ಕೆ ಬರುತ್ತೆ. ಸಂಗೀತಗಾರರ ದೊಡ್ಡತನವೂ ಹೀಗೇ ಅಂತ ನನ್ನ ವಾದ. ಗಳಿಸೋದು ಅವರೇ. ಆದ್ರೆ ಬೇರೆ ಯಾರೋ ತಮ್ಮ ಸಮಯ, ತಮ್ಮ ಬೆರಳು, ತಮ್ಮ ಕಾಸು ಹಾಕಿ ಕೊಂಡಾಗಲೇ ಅದು ಪುಸ್ತಕಕ್ಕೆ ಏರೋದು. ಈ ವಾದ ನಿಲ್ಲುತ್ತಾ ನೋಡೋಣ.

ಮೊದಲು ವಾದ್ಯದ ಕಥೆ. ಪಿಯಾನೋಗೂ ಮುಂಚೆ ಹಾರ್ಪ್ಸಿಕಾರ್ಡ್ ಅಂತ ಇತ್ತು. ಕೀ ಒತ್ತಿದರೆ ಒಳಗಿರುವ ಸಣ್ಣ ಕೊಕ್ಕೆ ತಂತಿಯನ್ನು ಮೀಟುತ್ತೆ. ನೀವು ಮೆಲ್ಲಗೆ ಒತ್ತಿ, ಜೋರಾಗಿ ಒತ್ತಿ, ಸದ್ದು ಹೆಚ್ಚುಕಮ್ಮಿ ಅಷ್ಟೇ. 1700ರ ಆಸುಪಾಸಿನಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಬಾರ್ತೊಲೊಮೆಯೊ ಕ್ರಿಸ್ತೊಫೊರಿ ಎಂಬ ಕುಶಲಕರ್ಮಿ ಕೊಕ್ಕೆ ತೆಗೆದು ಸುತ್ತಿಗೆ ಇಟ್ಟ. ಸುತ್ತಿಗೆ ತಂತಿಗೆ ಹೊಡೆದು ತಕ್ಷಣ ಹಿಂದಕ್ಕೆ ಬೀಳುತ್ತೆ, ತಂತಿ ಸ್ವತಂತ್ರವಾಗಿ ನಾದ ಮಾಡ್ತಾ ಇರುತ್ತೆ. ಬೆರಳಿನ ಭಾರಕ್ಕೆ ತಕ್ಕ ಹಾಗೆ ಸದ್ದು. ಆತ ಮಾಡಿದ ಪಿಯಾನೋಗಳಲ್ಲಿ 1720ರ ದಶಕದ ಮೂರು ಇವತ್ತಿಗೂ ಮ್ಯೂಸಿಯಂಗಳಲ್ಲಿವೆ.

ಹಾಗಾಗಿ ಬಾಖ್ ನಮ್ಮ ಸ್ಪರ್ಧೆಯಲ್ಲಿ ಇಲ್ಲ. ಆತ 1747ರಲ್ಲಿ ಪಾಟ್ಸ್‌ಡಾಮ್‌ನಲ್ಲಿ ಪ್ರಷ್ಯದ ರಾಜ ಫ್ರೆಡ್ರಿಕ್‌ನ ಅರಮನೆಯಲ್ಲಿ ಪಿಯಾನೋ ನುಡಿಸಿದ್ದು ನಿಜ. ಆದ್ರೆ ಆತನ ಜೀವಮಾನದ ಕೆಲಸ ಬೇರೆ ವಾದ್ಯಗಳಿಗೆ. ಮುಂದೆ ಬಂದ ಪಿಯಾನೋದವರೆಲ್ಲ ಆತನ ಪ್ರೆಲ್ಯೂಡ್, ಫ್ಯೂಗ್‌ಗಳನ್ನು ತಿದ್ದಿ ತೀಡಿ ಬೆರಳು ಪಳಗಿಸಿಕೊಂಡರು. ಮೇಷ್ಟ್ರನ್ನ ಮಕ್ಕಳ ಜೊತೆ ಓಟಕ್ಕೆ ನಿಲ್ಲಿಸೋದು ಬೇಡ.

ಸ್ಪರ್ಧೆ ಅಂದ್ರೆ ನಿಜವಾದ ಸ್ಪರ್ಧೆಯೇ ನಡೆದಿದೆ ಗೊತ್ತಾ? 1781ರ ಡಿಸೆಂಬರ್ 24, ವಿಯೆನ್ನಾ. ಚಕ್ರವರ್ತಿ ಎರಡನೇ ಜೋಸೆಫ್ ಎದುರಿಗೆ ಇಬ್ಬರು. ಒಬ್ಬ 25 ವರ್ಷದ ಮೊಜಾರ್ಟ್. ಇನ್ನೊಬ್ಬ ರೋಮ್‌ನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬೆಳೆದ ಮುಜಿಯೊ ಕ್ಲೆಮೆಂಟಿ. ಇಬ್ಬರೂ ನುಡಿಸಿದರು, ಫಲಿತಾಂಶ ಡ್ರಾ. ಕ್ಲೆಮೆಂಟಿ ಎದುರಾಳಿಯನ್ನ ಬಾಯ್ತುಂಬ ಹೊಗಳಿದ. ಮೊಜಾರ್ಟ್ ಮಾತ್ರ ಮನೆಗೆ ಕಾಗದ ಬರೆದು, ಈತನಿಗೆ ಬೆರಳ ಚಳಕ ಇದೆ, ಭಾವ ಕಾಸಿನಷ್ಟೂ ಇಲ್ಲ, ಬರೀ ಯಂತ್ರ ಅನ್ನೋ ಅರ್ಥದಲ್ಲಿ ಬೈದ. ಹತ್ತು ವರ್ಷದ ಮೇಲೆ ಅದೇ ಮೊಜಾರ್ಟ್‌ನ ‘ಮ್ಯಾಜಿಕ್ ಫ್ಲೂಟ್’ ಆಪೆರಾದ ಆರಂಭದಲ್ಲಿ ಕ್ಲೆಮೆಂಟಿಯ ಒಂದು ಸೊನಾಟಾವನ್ನ ಹೋಲುವ ಸ್ವರಗಳು ಬಂದವು. ಕ್ಲೆಮೆಂಟಿ ಆಮೇಲೆ ಆ ಸೊನಾಟಾ ಮುದ್ರಿಸುವಾಗ, ಇದು ನಾನು ಹತ್ತು ವರ್ಷ ಮೊದಲೇ ನುಡಿಸಿದ್ದು ಅಂತ ಟಿಪ್ಪಣಿ ಹಾಕಿಸಿದ. ಇವತ್ತಿನ ಭಾಷೆಯಲ್ಲಿ ಸ್ಕ್ರೀನ್‌ಶಾಟ್ ಇಟ್ಕೊಂಡ ಹಾಗೆ.

ಕ್ಲೆಮೆಂಟಿ ಆಮೇಲೆ ಲಂಡನ್ನಿನಲ್ಲಿ ಪಿಯಾನೋ ತಯಾರಿಸಿದ, ಸಂಗೀತ ಪುಸ್ತಕ ಪ್ರಕಟಿಸಿದ, ಶ್ರೀಮಂತನಾದ. 1832ರಲ್ಲಿ ತೀರಿಕೊಂಡಾಗ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸಮಾಧಿ. ಬದುಕಿದ್ದಾಗಿನ ಲೆಕ್ಕ ತೆಗೆದರೆ ಗೆದ್ದವನು ಆತನೇ. 35ಕ್ಕೇ ತೀರಿಕೊಂಡ ಮೊಜಾರ್ಟ್ ಸಾಲ ಬಿಟ್ಟು ಹೋಗಿದ್ದ. ಆದ್ರೆ ಮೊಜಾರ್ಟ್‌ನ ಪಿಯಾನೋ ಕನ್ಸರ್ಟೋಗಳನ್ನ ಕೇಳಿ. ಒಂದು ವಾದ್ಯ ಮತ್ತು ಇಡೀ ಆರ್ಕೆಸ್ಟ್ರಾ ಮನುಷ್ಯರ ಹಾಗೆ ಮಾತಾಡ್ತವೆ, ವಾದ ಮಾಡ್ತವೆ, ರಾಜಿ ಆಗ್ತವೆ. ಕ್ಲೆಮೆಂಟಿಯನ್ನ ಪಿಯಾನೋ ಕಲಿಯೋ ಮಕ್ಕಳು ನುಡಿಸ್ತಾರೆ, ಕನ್ಸರ್ಟ್ ಹಾಲ್‌ನಲ್ಲಿ ಅಪರೂಪ. ಅಂದ್ರೆ ಆ ಕಾಲದ ಮಾರುಕಟ್ಟೆ ಹೇಳಿದ ಬೆಲೆಯೇ ಕೊನೆಯ ಬೆಲೆ ಅಲ್ಲ.

ಇನ್ನು ಬೀಥೋವನ್. 32 ಸೊನಾಟಾ, 5 ಕನ್ಸರ್ಟೋ. ಆದ್ರೆ ನನಗೆ ದೊಡ್ಡದಾಗಿ ಕಾಣೋದು ಸಂಖ್ಯೆ ಅಲ್ಲ. ಆತ ಶುರು ಮಾಡಿದಾಗ ಪಿಯಾನೋಗೆ ಐದು ಸಪ್ತಕ, ಅಂದ್ರೆ 61 ಕೀ. ಇವತ್ತಿನ ಪಿಯಾನೋಗೆ 88. ಬೀಥೋವನ್ ವಾದ್ಯದ ಗಡಿ ಮುಟ್ಟಿ, ಇನ್ನೂ ಬೇಕು ಅಂತ ಬರೆದ ಹಾಗೆಲ್ಲ, ತಯಾರಕರು ಕೂಡ ಅದನ್ನ ಹಿಗ್ಗಿಸ್ತಾ ಹೋದರು. 1817ರ ಕೊನೆಗೆ ಲಂಡನ್ನಿನ ಬ್ರಾಡ್‌ವುಡ್ ಕಂಪನಿ ಆರು ಸಪ್ತಕದ ಒಂದು ಗಟ್ಟಿ ಪಿಯಾನೋವನ್ನ ಉಡುಗೊರೆಯಾಗಿ ಕಳಿಸಿತು. ಅದು ವಿಯೆನ್ನಾ ತಲುಪುವ ಹೊತ್ತಿಗೆ ಆತನ ಕಿವಿ ಬಹುಪಾಲು ಹೋಗಿತ್ತು. 1808ರಲ್ಲೇ ಕನ್ಸರ್ಟೋ ಒಂದನ್ನ ಕೊನೆಯ ಬಾರಿಗೆ ಸಾರ್ವಜನಿಕವಾಗಿ ನುಡಿಸಿದ್ದ. ಐದನೇ ಕನ್ಸರ್ಟೋ ಬೇರೆಯವರ ಕೈಯಲ್ಲೇ ಮೊದಲು ಕೇಳಿಸಿದ್ದು. ಹೀಗಿರುವಾಗ 1818ರಲ್ಲಿ ಮುಗಿಸಿದ ‘ಹ್ಯಾಮರ್‌ಕ್ಲಾವಿಯರ್’ ಸೊನಾಟಾ ಸುಮಾರು ಮುಕ್ಕಾಲು ಗಂಟೆಯದ್ದು, ಆ ಕಾಲದ ಬಹುತೇಕರಿಗೆ ನುಡಿಸೋಕೇ ಆಗದ ಕೃತಿ.

ಇಲ್ಲಿ ಎರಡು ಬಿಲ್ ನೋಡಿ. ಒಂದು, 1809ರಲ್ಲಿ ವಿಯೆನ್ನಾದ ಮೂವರು ಶ್ರೀಮಂತರು, ಆರ್ಚ್‌ಡ್ಯೂಕ್ ರುಡಾಲ್ಫ್, ಲೋಬ್ಕೊವಿಟ್ಸ್ ಮತ್ತು ಕಿನ್‌ಸ್ಕಿ, ಬೀಥೋವನ್‌ಗೆ ವರ್ಷಕ್ಕೆ 4,000 ಫ್ಲೋರಿನ್ ಕೊಡ್ತೀವಿ ಅಂತ ಒಪ್ಪಂದ ಮಾಡಿದರು. ಷರತ್ತು ಇಷ್ಟೇ: ಊರು ಬಿಟ್ಟು ಹೋಗಬಾರದು. ಎರಡೇ ವರ್ಷದಲ್ಲಿ ಆಸ್ಟ್ರಿಯಾದ ನೋಟಿನ ಬೆಲೆ ಕುಸಿದು ಆ ಮೊತ್ತ ಸೊರಗಿತು, ಅದು ಬೇರೆ ಗೋಳು. ಎರಡನೇ ಬಿಲ್, 1807ರಲ್ಲಿ ಹಲವು ಕೃತಿಗಳ ಬ್ರಿಟಿಷ್ ಹಕ್ಕಿಗೆ 200 ಪೌಂಡ್ ಒಪ್ಪಂದ. ಕೊಂಡವನು ಯಾರು ಗೊತ್ತಾ? ಪಬ್ಲಿಷರ್ ಕ್ಲೆಮೆಂಟಿ. ಮೊಜಾರ್ಟ್ ಯಂತ್ರ ಅಂತ ಬೈದಿದ್ದನಲ್ಲ, ಅದೇ ಮನುಷ್ಯ ನಾಲ್ಕನೇ ಪಿಯಾನೋ ಕನ್ಸರ್ಟೋದ ಬೆಲೆ ಗುರುತಿಸಿದ. ಪಟ್ಟಿಯಲ್ಲಿ ಕೆಳಗಿರುವವರು ಮೇಲಿರುವವರನ್ನ ಹೊತ್ತಿರ್ತಾರೆ ಅನ್ನೋದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?

ಮುಂದಿನ ತಲೆಮಾರು ಪ್ಯಾರಿಸ್‌ನಲ್ಲಿ. ಶೋಪಾನ್ 1810ರವನು, ಪೋಲೆಂಡ್‌ನಿಂದ ಬಂದವನು. ಲಿಸ್ಟ್ 1811ರವನು, ಹಂಗರಿಯವನು. ಒಂದೇ ಊರು, ಒಂದೇ ವಯಸ್ಸು, ಬಿಸಿನೆಸ್ ಮಾಡೆಲ್ ಮಾತ್ರ ಪೂರ್ತಿ ಉಲ್ಟಾ. ಶೋಪಾನ್ ಇಡೀ ಬದುಕಿನಲ್ಲಿ ಕೊಟ್ಟ ಸಾರ್ವಜನಿಕ ಕಛೇರಿಗಳು ಸುಮಾರು 30. ಸಂಸಾರ ನಡೆದದ್ದು ಪಾಠ ಹೇಳಿ. ಲಿಸ್ಟ್ ಯುರೋಪಿನುದ್ದಕ್ಕೂ ಟೂರ್ ಹೊಡೆದ ಸ್ಟಾರ್. ಒಬ್ಬನೇ ಕೂತು ಇಡೀ ಸಂಜೆ ನುಡಿಸೋದಕ್ಕೆ ‘ರಿಸೈಟಲ್’ ಅನ್ನೋ ಹೆಸರು ಬಂದಿದ್ದೇ 1840ರ ಆತನ ಲಂಡನ್ ಕಛೇರಿಗಳಿಂದ.

ಲಿಸ್ಟ್‌ಗೂ ಒಂದು ಪಂದ್ಯ ಇತ್ತು. 1837ರ ಮಾರ್ಚ್ 31, ಪ್ಯಾರಿಸ್‌ನಲ್ಲಿ ರಾಜಕುಮಾರಿ ಬೆಲ್ಜೊಯೋಸೊ ಮನೆ. ಇಟಲಿಯ ನಿರಾಶ್ರಿತರಿಗೆ ಹಣ ಕೂಡಿಸೋ ಕಾರ್ಯಕ್ರಮ, ಟಿಕೆಟ್ 40 ಫ್ರಾಂಕ್. ಎದುರಾಳಿ ಸಿಗಿಸ್ಮಂಡ್ ಥಾಲ್ಬರ್ಗ್. ಆತನ ಒಂದು ಟ್ರಿಕ್ ಇಡೀ ಯುರೋಪಿಗೆ ಹುಚ್ಚು ಹಿಡಿಸಿತ್ತು: ಎರಡೂ ಹೆಬ್ಬೆರಳಲ್ಲಿ ಹಾಡು, ಮಿಕ್ಕ ಬೆರಳುಗಳಿಂದ ಮೇಲೆ ಕೆಳಗೆ ಸ್ವರಗಳ ಸುರಿಮಳೆ. ಕೇಳಿದವರಿಗೆ ಮೂರು ಕೈ ಇದ್ದ ಹಾಗೆ. ತೀರ್ಪು ಮತ್ತೆ ಡ್ರಾ ತರಹವೇ. ದುಡ್ಡು, ಹೆಸರು, ಟಿಕೆಟ್ ಸೇಲ್ ಎಲ್ಲ ಥಾಲ್ಬರ್ಗ್‌ಗೂ ಇತ್ತು. ಇವತ್ತು ಎಷ್ಟು ಜನ ಆತನ ಹೆಸರು ಕೇಳಿದೀರಿ? ಟ್ರಿಕ್ ಕಲಿತ ಮೇಲೆ ಮುಂದಿನವರಿಗೆ ಆತನಿಂದ ತಗೊಳ್ಳೋಕೆ ಜಾಸ್ತಿ ಏನೂ ಉಳಿದಿರಲಿಲ್ಲ. ಹಾಗಾಗಿ ನನ್ನ ಗುಡ್‌ವಿಲ್ ವಾದಕ್ಕೆ ಒಂದು ತಿದ್ದುಪಡಿ: ಕೊಳ್ಳೋರು ಬಂದರೆ ಸಾಲದು, ಅಂಗಡಿಯಲ್ಲಿ ಸರಕೂ ಇರಬೇಕು.

ಶೋಪಾನ್‌ಗೆ ಸರಕಿನ ಕೊರತೆ ಇರಲಿಲ್ಲ. ಆತ ಬರೆದದ್ದರಲ್ಲಿ ಪಿಯಾನೋ ಇಲ್ಲದ ಕೃತಿಯೇ ಇಲ್ಲ ಅನ್ನಬಹುದು. ಎಟ್ಯೂಡ್ ಅಂದ್ರೆ ಬೆರಳಿನ ವ್ಯಾಯಾಮ, ಸರಳೆ ವರಸೆ ಇದ್ದ ಹಾಗೆ. ಅದನ್ನೇ ಕಛೇರಿಯಲ್ಲಿ ಕೂತು ಕೇಳೋ ಸಂಗೀತ ಮಾಡಿದ. 1833ರಲ್ಲಿ ಬಂದ ಮೊದಲ ಹನ್ನೆರಡನ್ನ ಗೆಳೆಯ ಲಿಸ್ಟ್‌ಗೇ ಅರ್ಪಿಸಿದ. ಬೀಥೋವನ್‌ನ ಪಿಯಾನೋ ಅನೇಕ ಕಡೆ ಆರ್ಕೆಸ್ಟ್ರಾ ಆಗೋಕೆ ಹಟ ಮಾಡುತ್ತೆ. ಶೋಪಾನ್‌ನ ಪಿಯಾನೋಗೆ ಬೇರೇನೂ ಆಗಬೇಕಿಲ್ಲ. ಸುತ್ತಿಗೆ ಹೊಡೆಯೋ ವಾದ್ಯ ಅನ್ನೋದನ್ನ ಮರೆಸಿ, ಗಂಟಲಿಂದ ಹಾಡಿದ ಹಾಗೆ ಕೇಳಿಸುತ್ತೆ.

ಮತ್ತೆ ಲಿಸ್ಟ್? ಆತನ ದೊಡ್ಡತನದ ಅರ್ಧ ಭಾಗ ಬೇರೆಯವರ ಖಾತೆಯಲ್ಲಿದೆ. ಯಾರೂ ಮುಟ್ಟದ ಹ್ಯಾಮರ್‌ಕ್ಲಾವಿಯರ್ ಸೊನಾಟಾವನ್ನ 1836ರಲ್ಲಿ ಪ್ಯಾರಿಸ್‌ನಲ್ಲಿ ಜನರ ಮುಂದೆ ನುಡಿಸಿದ. ಬೀಥೋವನ್‌ನ ಒಂಬತ್ತೂ ಸಿಂಫನಿಗಳನ್ನ ಪಿಯಾನೋಗೆ ಇಳಿಸಿದ. ರೆಕಾರ್ಡ್ ಇಲ್ಲದ ಕಾಲ, ಆರ್ಕೆಸ್ಟ್ರಾ ಇಲ್ಲದ ಊರಿನವರು ಆ ಸಿಂಫನಿ ಕೇಳಬೇಕು ಅಂದ್ರೆ ಇದೇ ದಾರಿ. ಬಾನ್ ನಗರದಲ್ಲಿ 1845ರಲ್ಲಿ ಬೀಥೋವನ್ ಪ್ರತಿಮೆ ನಿಲ್ಲೋಕೆ ಕೈಯಿಂದ ದುಡ್ಡು ಹಾಕಿದ.

ಇಲ್ಲಿ ನಿಲ್ಲಿಸಿ ಒಂದು ಕೇಳ್ತೀನಿ. ಇಲ್ಲಿವರೆಗೆ ಬಂದ ಸಂಗೀತಗಾರರಲ್ಲಿ ಒಬ್ಬ ಹೆಂಗಸೂ ಇಲ್ಲ, ಗಮನಿಸಿದ್ರಾ? ಹೆಂಗಸರು ನುಡಿಸ್ತಿರಲಿಲ್ಲ ಅಂತಲ್ಲ. ಆ ಕಾಲದ ಯುರೋಪಿನ ಮಧ್ಯಮವರ್ಗದ ಮನೆಗಳಲ್ಲಿ ಪಿಯಾನೋ ಕಲಿಯೋದು ಹೆಣ್ಣುಮಕ್ಕಳ ಲಕ್ಷಣ ಅಂತಲೇ ಇತ್ತು. ನುಡಿಸಬಹುದು, ಆದ್ರೆ ಬರೆದು ಹೆಸರು ಹಾಕಿ ಮಾರೋ ಹಾಗಿಲ್ಲ.

ಫ್ಯಾನಿ ಮೆಂಡೆಲ್ಸನ್ 1805ರಲ್ಲಿ ಹುಟ್ಟಿದಳು. ತಮ್ಮ ಫೆಲಿಕ್ಸ್ ಜಗತ್ಪ್ರಸಿದ್ಧ. ಇಬ್ಬರಿಗೂ ಒಂದೇ ಮೇಷ್ಟ್ರು, ಒಂದೇ ಪಾಠ. ಅವಳಿಗೆ ಹದಿನಾಲ್ಕರ ವಯಸ್ಸಿದ್ದಾಗ ಅಪ್ಪ ಕಾಗದ ಬರೆದ: ತಮ್ಮನಿಗೆ ಸಂಗೀತ ವೃತ್ತಿ ಆಗಬಹುದು, ನಿನಗೆ ಅದು ಅಲಂಕಾರ ಮಾತ್ರ, ಅನ್ನೋ ಅರ್ಥದಲ್ಲಿ. ಅವಳು 450ಕ್ಕೂ ಹೆಚ್ಚು ಕೃತಿ ಬರೆದಳು. ಕೆಲವು ಹಾಡುಗಳು ತಮ್ಮನ ಹೆಸರಲ್ಲಿ ಅಚ್ಚಾದವು. 1842ರಲ್ಲಿ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ವಿಕ್ಟೋರಿಯಾ ರಾಣಿ ತನಗಿಷ್ಟವಾದ ಹಾಡು ಹಾಡಿದಾಗ, ಅದು ನನ್ನದಲ್ಲ, ಅಕ್ಕನದು ಅಂತ ಫೆಲಿಕ್ಸ್ ಒಪ್ಪಿಕೊಳ್ಳಬೇಕಾಯಿತು.

ಅಲ್ಲಿಗೂ ಮುಗೀಲಿಲ್ಲ. ಅವಳು 1828ರಲ್ಲಿ ಬರೆದ ‘ಈಸ್ಟರ್ ಸೊನಾಟಾ’ದ ಹಸ್ತಪ್ರತಿ ಎಷ್ಟೋ ಕಾಲ ಕಣ್ಮರೆಯಾಗಿತ್ತು. 1970ರ ಸುಮಾರಿಗೆ ಪ್ಯಾರಿಸ್‌ನಲ್ಲಿ ಸಿಕ್ಕಿತು. ಮೇಲೆ ‘ಎಫ್. ಮೆಂಡೆಲ್ಸನ್’ ಅಂತಿತ್ತು. ಎಫ್ ಅಂದ್ರೆ ಫೆಲಿಕ್ಸ್ ಅಂತ ತೀರ್ಮಾನಿಸಿ ಅವನ ಹೆಸರಲ್ಲೇ ರೆಕಾರ್ಡ್ ಕೂಡ ಮಾಡಿದರು. 2010ರಲ್ಲಿ ಏಂಜೆಲಾ ಮೇಸ್ ಎಂಬ ಸಂಶೋಧಕಿ ಹಸ್ತಾಕ್ಷರ, ಪುಟಸಂಖ್ಯೆಗಳನ್ನ ಹೊಂದಿಸಿ ನೋಡಿ ಅದು ಫ್ಯಾನಿಯದೇ ಅಂತ ಸಾಬೀತು ಮಾಡಿದರು. ಅದೇ ಸ್ವರ, ಅದೇ ಕಾಗದ. ಬದಲಾಗಿದ್ದು ಖಾತೆದಾರರ ಹೆಸರು. ‘ದೊಡ್ಡ ಹೆಂಗಸು ಕಂಪೋಸರ್ ಯಾಕಿಲ್ಲ’ ಅಂತ ಕೇಳೋರಿಗೆ ಇದೊಂದು ಉತ್ತರ: ಇದ್ದರು, ಜಮಾ ಬೇರೆಯವರ ಖಾತೆಗೆ ಆಗ್ತಿತ್ತು.

ಕ್ಲಾರಾ ಶೂಮನ್ ಕಥೆ ಇನ್ನೊಂದು ರೀತಿ. ತಾನು ಬರೆದ ಪಿಯಾನೋ ಕನ್ಸರ್ಟೋವನ್ನ 1835ರಲ್ಲಿ ಲೈಪ್‌ಜಿಗ್‌ನಲ್ಲಿ ನುಡಿಸಿದಾಗ ಅವಳಿಗೆ 16. ನಾಲ್ಕು ವರ್ಷ ಆದ ಮೇಲೆ ಡೈರಿಯಲ್ಲಿ, ಹೆಂಗಸು ಸಂಗೀತ ಬರೆಯೋ ಆಸೆ ಇಟ್ಟುಕೊಳ್ಳಬಾರದು ಅಂತ ತನಗೆ ತಾನೇ ಹೇಳಿಕೊಂಡಳು. ಎಂಟು ಮಕ್ಕಳು, ಕಾಯಿಲೆ ಬಿದ್ದು ಬೇಗ ತೀರಿಕೊಂಡ ಗಂಡ. ಮನೆ ನಡೆದಿದ್ದು ಅವಳ ಕಛೇರಿಗಳಿಂದ. ಗಂಡ ರಾಬರ್ಟ್ ಶೂಮನ್‌ನ ಸಂಗೀತವನ್ನ ಯುರೋಪಿನ ಹಾಲ್‌ಗಳಲ್ಲಿ ದಶಕಗಳ ಕಾಲ ನುಡಿಸಿ ನೆಲೆಗೊಳಿಸಿದ್ದು ಅವಳು. ರಾಬರ್ಟ್ ಶೂಮನ್ ದೊಡ್ಡವನು ಅಂತ ಬರೆಯುವಾಗ, ಆ ಗುಡ್‌ವಿಲ್‌ನ ಮೊದಲ ಖರೀದಿದಾರಳು ಯಾರು ಅಂತಲೂ ಬರೆಯಬೇಕು.

ಈಗ ನಮ್ಮ ಕಡೆಗೆ ಬರೋಣ. ಈ ಲೆಕ್ಕದಲ್ಲಿ ಮೈಸೂರು ಕೂಡ ಇದೆ.

ನಿಕೊಲಾಯ್ ಮೆಟ್ನರ್. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವನು, ರಾಕ್‌ಮನಿನಾಫ್‌ನ ಗೆಳೆಯ. ಇಬ್ಬರೂ ಒಬ್ಬರಿಗೊಬ್ಬರು ಕನ್ಸರ್ಟೋ ಅರ್ಪಿಸಿಕೊಂಡವರು. ಇಬ್ಬರೂ ರಷ್ಯದ ಕ್ರಾಂತಿಯ ನಂತರ ದೇಶ ಬಿಟ್ಟರು. ರಾಕ್‌ಮನಿನಾಫ್ ಅಮೆರಿಕದಲ್ಲಿ ಸ್ಟಾರ್ ಆದ. ಮೆಟ್ನರ್ ಬರ್ಲಿನ್, ಪ್ಯಾರಿಸ್ ಅಂತ ಅಲೆದು 1930ರ ದಶಕದ ನಡುವಿನಲ್ಲಿ ಲಂಡನ್ ಸೇರಿದ. 14 ಪಿಯಾನೋ ಸೊನಾಟಾ, 3 ಕನ್ಸರ್ಟೋ. ಎಲ್ಲರೂ ಹೊಸ ಫ್ಯಾಷನ್ ಹಿಂದೆ ಓಡ್ತಿದ್ದಾಗ ಹಳೇ ಮರದ ಬೇರು ಹಿಡ್ಕೊಂಡು ಕೂತವನು. ಎರಡನೇ ಮಹಾಯುದ್ಧ ಬಂತು, ಜರ್ಮನ್ ಪ್ರಕಾಶಕರಿಂದ ಬರ್ತಿದ್ದ ಆದಾಯ ನಿಂತಿತು. ಎಡ್ನಾ ಐಲ್ಸ್ ಎಂಬ ಪಿಯಾನೋ ವಾದಕಿಯ ಮನೆಯವರು ಆಸರೆ ಕೊಟ್ಟರು. ಮೂರನೇ ಕನ್ಸರ್ಟೋವನ್ನ ಮೆಟ್ನರ್ 1944ರಲ್ಲಿ ಲಂಡನ್ನಿನಲ್ಲಿ ನುಡಿಸಿದ. ವಯಸ್ಸು 64, ಆರೋಗ್ಯ ಸರಿ ಇಲ್ಲ, ಆತನದೇ ನುಡಿಸಾಣಿಕೆಯ ರೆಕಾರ್ಡ್ ಕೈಬೆರಳೆಣಿಕೆಯಷ್ಟು.

ಆ ಕನ್ಸರ್ಟೋ ಅರ್ಪಣೆ ಆಗಿರೋದು ಮೈಸೂರು ಮಹಾರಾಜರಿಗೆ. ಜಯಚಾಮರಾಜ ಒಡೆಯರ್. 1919ರಲ್ಲಿ ಹುಟ್ಟಿದವರು, ಪಾಶ್ಚಾತ್ಯ ಸಂಗೀತದ ಪಿಯಾನೋ ಕಲಿತು ಲಂಡನ್ನಿನ ಗಿಲ್ಡ್‌ಹಾಲ್ ಸಂಸ್ಥೆಯ ಲೈಸೆನ್ಷಿಯೇಟ್ ಪಡೆದವರು. 1940ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ತಂದೆ, ಆಮೇಲೆ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ತೀರಿಕೊಂಡರು. 21ರ ಹರೆಯದಲ್ಲಿ ಸಿಂಹಾಸನ. ಪಿಯಾನೋ ವಾದಕ ಆಗೋ ಕನಸು ಅಲ್ಲಿಗೆ ಮುಗೀತು. ಮುಂದೆ ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕರ್ನಾಟಕ ಸಂಗೀತ ಕೃತಿ ರಚಿಸಿದರು. ಹಳೇ ಪ್ರೀತಿ ಮಾತ್ರ ಬಿಡಲಿಲ್ಲ.

ಲಂಡನ್ನಿನ ಎಚ್‌ಎಂವಿ ಕಂಪನಿಗೆ ಒಂದು ಪದ್ಧತಿ ಇತ್ತು: ಸೊಸೈಟಿ. ಮೊದಲೇ ಚಂದಾ ಕಟ್ಟಿಸಿಕೊಂಡು ಆಮೇಲೆ ರೆಕಾರ್ಡ್ ಮಾಡೋದು, ಇವತ್ತಿನ ಕ್ರೌಡ್‌ಫಂಡಿಂಗ್ ತರಹ. ಆರ್ಟುರ್ ಶ್ನಾಬೆಲ್ 1930ರ ದಶಕದಲ್ಲಿ ಬೀಥೋವನ್‌ನ 32 ಸೊನಾಟಾಗಳನ್ನೂ ರೆಕಾರ್ಡ್ ಮಾಡಿದ್ದು ಹೀಗೇ. ಬೀಥೋವನ್‌ಗೆ ಚಂದಾದಾರರು ಸಿಕ್ಕರು. ಮೆಟ್ನರ್‌ಗೆ ಯಾರು ಕೊಡ್ತಾರೆ? ಒಡೆಯರ್ ಕೊಟ್ಟರು. 1940ರ ದಶಕದ ಕೊನೆಯಲ್ಲಿ ಅವರ ಹಣದಿಂದ ಮೆಟ್ನರ್ ಸೊಸೈಟಿ ಹುಟ್ಟಿತು. ಮೂರೂ ಕನ್ಸರ್ಟೋಗಳು ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾ ಜೊತೆ, ಪಿಯಾನೋ ಮುಂದೆ ಸ್ವತಃ ಮೆಟ್ನರ್. ಜೊತೆಗೆ ಬಿಡಿ ಪಿಯಾನೋ ಕೃತಿಗಳು, ಹಾಡುಗಳು. 1951ರ ನವೆಂಬರ್‌ನಲ್ಲಿ ಆತ ತೀರಿಕೊಂಡ. ತಡ ಮಾಡಿದ್ದರೆ ಆ ಕೈ ಈ ಕನ್ಸರ್ಟೋಗಳನ್ನ ಹೇಗೆ ನುಡಿಸುತ್ತಿತ್ತು ಅಂತ ನಮಗೆ ಕೇಳಿಸ್ತಾನೇ ಇರಲಿಲ್ಲ.

ಇಲ್ಲಿ ಒಂದು ಕಹಿ ಪ್ರಶ್ನೆಯೂ ಇದೆ. ಆ ದುಡ್ಡು ಯಾರದ್ದು? ಅರಮನೆಯ ಸಂಪತ್ತು ಕೊನೆಗೆ ಬರೋದು ಸಂಸ್ಥಾನದ ರೈತರ, ವ್ಯಾಪಾರಿಗಳ ದುಡಿಮೆಯಿಂದ. ಅವರಲ್ಲಿ ಬಹುಪಾಲು ಜನ ಮೆಟ್ನರ್ ಹೆಸರನ್ನೇ ಕೇಳಿರಲಿಕ್ಕಿಲ್ಲ. ಬೀಥೋವನ್‌ಗೆ ಬಂದ 4,000 ಫ್ಲೋರಿನ್ ಕೂಡ ಹಾಗೇ, ಜಮೀನ್ದಾರರ ಹಣ ಅಂದ್ರೆ ಅವರ ಹೊಲ ಉತ್ತವರ ಹಣ. ನನಗೆ ಇದರಿಂದ ಒಡೆಯರ್ ಮೇಲಿನ ಗೌರವ ಕಮ್ಮಿ ಆಗಲ್ಲ. ಆದ್ರೆ ಕ್ರೆಡಿಟ್ ಬರೆಯುವಾಗ ಮೈಸೂರು ಸೀಮೆಯ ಹೆಸರಿಲ್ಲದ ರೈತರಿಗೂ ಒಂದು ಸಾಲು ಸೇರಬೇಕು ಅನ್ಸುತ್ತೆ. ಲಂಡನ್ನಿನ ಸಂಗೀತ ಇತಿಹಾಸಕ್ಕೆ ಅವರೂ ಚಂದಾ ಕಟ್ಟಿದಾರೆ, ಅವರಿಗೆ ಗೊತ್ತಿಲ್ಲದ ಹಾಗೆ.

ಸರಿ, ಪಟ್ಟಿ ಹೇಳದೆ ಓಡಿ ಹೋಗಲ್ಲ. ವ್ಯಾಪ್ತಿ ಮುಖ್ಯ ಅಂದ್ರೆ ನನ್ನ ಮತ ಬೀಥೋವನ್‌ಗೆ: ಮೊದಲ ಸೊನಾಟಾದಿಂದ ಕೊನೆಯದಕ್ಕೆ ಹೋಗುವಷ್ಟರಲ್ಲಿ ವಾದ್ಯವೂ ಬದಲಾಗಿರುತ್ತೆ, ಕೇಳೋ ನಾವೂ ಬದಲಾಗಿರ್ತೀವಿ. ಪಿಯಾನೋ ಅನ್ನೋ ವಾದ್ಯದ ಸ್ವಭಾವವನ್ನೇ ಅರಿತವರು ಯಾರು ಅಂದ್ರೆ ಶೋಪಾನ್. ಬೇರೆಯವರನ್ನ ಬೆಳೆಸಿದ ಲೆಕ್ಕ ತೆಗೆದರೆ ಲಿಸ್ಟ್ ಮತ್ತು ಕ್ಲಾರಾ. ಮೆಟ್ನರ್ ಈ ಮೂರೂ ಕಾಲಂನಲ್ಲಿ ಮೊದಲನೆಯವನಲ್ಲ, ಮಹಾರಾಜರ ದುಡ್ಡೂ ಆತನನ್ನ ಅಲ್ಲಿಗೆ ಏರಿಸಲಿಲ್ಲ. ಆದ್ರೆ ಆತನಿಗೆ ಒಂದು ನ್ಯಾಯವಾದ ವಿಚಾರಣೆ ಸಿಕ್ಕಿತು. ಇವತ್ತು ಯಾರು ಬೇಕಾದ್ರೂ ಕೇಳಿ ತೀರ್ಪು ಹೇಳಬಹುದು. ಫ್ಯಾನಿಗೆ ಅಷ್ಟು ಸಿಗೋಕೆ ಸುಮಾರು 180 ವರ್ಷ ಬೇಕಾಯಿತು.

ಈ ವಾರದ ಹೋಂವರ್ಕ್: ನಾಲ್ಕು ಕೃತಿ ಕೇಳಿ. ಬೀಥೋವನ್‌ನ ಕೊನೆಯ ಸೊನಾಟಾ, ಓಪಸ್ 111. ಶೋಪಾನ್‌ನ ನಾಲ್ಕನೇ ಬಲಾಡ್. ಫ್ಯಾನಿಯ ಈಸ್ಟರ್ ಸೊನಾಟಾ. ಮೆಟ್ನರ್‌ನ ಮೂರನೇ ಕನ್ಸರ್ಟೋ, ಆತನೇ ನುಡಿಸಿದ್ದು. ಒಂದು ಉಪಾಯ ಹೇಳಲಾ? ಹೆಸರು ಮುಚ್ಚಿ ಗೆಳೆಯರಿಗೆ ಕೇಳಿಸಿ, ಆಮೇಲೆ ನಂಬರ್ ಕೊಡಿಸಿ. ಯಾರಿಗೆ ಎಷ್ಟು ಬಂತು ಅಂತ ನನಗೆ ವಾಯ್ಸ್ ನೋಟ್ ಕಳಿಸಿ, ಮುಂದಿನ ಕಂತಿನಲ್ಲಿ ಹಾಕ್ತೀನಿ. ಜಗಳ ಆದ್ರೆ ಇನ್ನೂ ಒಳ್ಳೇದು. ಸಿಗೋಣ.